ಎರಡು ಪಟ್ಟೆ ನೀಲಿ

ಮೊನ್ನೆ ಕಿರಿಯ ಮಗನ ಮಗಳು, ಕಾಲೇಜಿನಲ್ಲಿ ಏನೋ ಕಾರ್ಯಕ್ರಮವಿದೆ, ಹಳೆಯ ಕಾಲದ ಸೀರೆ ಉಡಬೇಕು ಎಂದು ನನ್ನ ಟ್ರಂಕು ತೆಗೆಸಿದಳು. ಸೀರೆಗಳ ತಳದಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ನೂಲಿನ ಲಡಿ ಸಿಕ್ಕಿತು. ಒಂದು ಕಾಲಕ್ಕೆ ಬೆಳ್ಳಗಿದ್ದ ನೂಲು, ಈಗ ಹಳದಿಗೆ ತಿರುಗಿದೆ. ಒಂದು ತುದಿಯಲ್ಲಿ ಬೆರಳಗಲದ ಎರಡು ಪಟ್ಟೆ ಮಾತ್ರ ನೀಲಿ. ತುದಿಯದು ಗಾಢ, ಅದರ ಮೇಲಿನದು ತೆಳು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೂ ವಾಸನೆ ಪೂರ್ತಿ ಹೋಗಿಲ್ಲ. ಸುಣ್ಣ, ಬೆಲ್ಲ, ಹುಳಿ ಬಂದ ಗಂಜಿ, ಅದರ ಹಿಂದೆ ಕೆರೆಯ ತಳದ ಹಸಿ ಮಣ್ಣು...

"ಇದೇನಜ್ಜಿ, ಅರ್ಧಾ ಬಣ್ಣ ಹಾಕಿ ಬಿಟ್ಟಾರ?" ಎಂದಳು ಮೊಮ್ಮಗಳು.

"ಹೌದವ್ವ, ಬಿಟ್ಟಾರ" ಎಂದೆ. ಬಿಟ್ಟವಳು ನಾನೇ ಎಂದು ಹೇಳಲಿಲ್ಲ. ಅವಳಿಗೆ ಸೀರೆಯ ಅವಸರ, ನನಗೆ ಹೇಳುವ ಧೈರ್ಯವಿಲ್ಲ. ಹೀಗೆ ಇಬ್ಬರಿಗೂ ಅನುಕೂಲವಾಯಿತು.

ಮುಳಗುಂದದಿಂದ ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನಾರೋ ಹದಿನೇಳೋ ಇರಬೇಕು. ಮನೆಯಲ್ಲಿ ಎರಡು ಕೈಮಗ್ಗ. ಅತ್ತೆ, ಮಾವ, ಗಂಡ, ಒಬ್ಬ ಮೈದುನ. ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುವುದು, ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು, ಇವೆರಡು ನನ್ನ ಕೆಲಸ. ಮೊದಲನೆಯದಕ್ಕಿಂತ ಎರಡನೆಯದನ್ನು ಬೇಗ ಕಲಿತೆ.

ನಮ್ಮ ಗೋಡೆಗೆ ಗೋಡೆ ಹಚ್ಚಿ ಬಣ್ಣದ ಮನೆ ಇತ್ತು. ನೇಕಾರರು ತಂದ ನೂಲಿಗೆ ನೀಲಿ ಅದ್ದಿಕೊಡುವುದು ಆ ಮನೆತನದ ಕಸುಬು. ಗಂಡ ತೀರಿಕೊಂಡ ಮೇಲೆ ನಲವತ್ತು ದಾಟಿದ ಹೆಂಡತಿಯೇ ಅದನ್ನು ನಡೆಸುತ್ತಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಗಡಿಯ ಹೊಳೆಯ ಆಚೆ ದಡದ ಹಳ್ಳಿಗೆ ಹೋಗಿದ್ದಳು. ಓಣಿಯ ಸಣ್ಣವರು ದೊಡ್ಡವರೆಲ್ಲ ಆ ಹೆಂಗಸನ್ನು ಬೂಬು ಎನ್ನುತ್ತಿದ್ದರು. ಅವರ ಮಾತಿನಲ್ಲಿ ಬೂಬು ಎಂದರೆ ಅಕ್ಕ. ಎತ್ತರದ ಆಳು, ದೊಡ್ಡ ದನಿ, ಮೊಣಕೈವರೆಗೆ ನೀಲಿಯಾದ ಕೈ. ಎಷ್ಟು ತಿಕ್ಕಿದರೂ ಆ ನೀಲಿ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ.

ಅವರ ಮನೆಯ ಹಿಂದಿನ ಕೋಣೆಯಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಬಾನಿ ಇತ್ತು. ನೀಲಿಯ ನೀರು ಸುಮ್ಮನೆ ನಿಲ್ಲುವ ನೀರಲ್ಲ, ಅದಕ್ಕೆ ಜೀವ ಇರುತ್ತದೆ ಎಂದು ನಾನು ಕಲಿತದ್ದು ಅಲ್ಲಿ. ಅದಕ್ಕೆ ಬೆಲ್ಲ ಉಣಿಸಬೇಕು, ಹದ ನೋಡಿ ಸುಣ್ಣ ಹಾಕಬೇಕು, ಬಿಸಿಲು ಚಳಿ ತಾಗದಂತೆ ಗೋಣಿ ಹೊದಿಸಬೇಕು. ಬೂಬುವಿನ ಅತ್ತೆಯ ಕಾಲದಲ್ಲಿ ಎಬ್ಬಿಸಿದ ನೀರು ಅದು. ಎಂದೂ ಪೂರ್ತಿ ಖಾಲಿ ಮಾಡಿರಲಿಲ್ಲ, ಕಡಿಮೆಯಾದಷ್ಟು ಸೇರಿಸುತ್ತ ಬಂದಿದ್ದರು. ಹದ ತಿಳಿಯಲು ಇದ್ದ ದಾರಿ ನಾಲಿಗೆ ಒಂದೇ. ಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುವುದು. ಚುರುಗುಟ್ಟಿದರೆ ಸುಣ್ಣ ಸಾಕು, ಸಿಹಿ ಉಳಿದಿದ್ದರೆ ಒಂದು ಹಿಡಿ ಬೇಕು, ಹುಳಿ ಬಂದಿದ್ದರೆ ಆ ಗಳಿಗೆಯಲ್ಲೇ ಬೇಕು.

ರಂಜಾನಿನ ಉಪವಾಸದಲ್ಲಿ ಮಾತ್ರ ಅವರಿಗೆ ಇದು ಕಷ್ಟ. ಉಗುಳಿದರೆ ರೋಜಾ ಕೆಡುವುದಿಲ್ಲ ಎಂದು ತಿಳಿದವರು ಹೇಳಿದರೂ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಆ ಒಂದು ತಿಂಗಳು ಬೇರೆ ಯಾರದಾದರೂ ನಾಲಿಗೆ ಬೇಕಾಗುತ್ತಿತ್ತು. ನಾನು ಬಂದ ವರ್ಷ ನನ್ನನ್ನು ಕೇಳಿದರು. ಆ ಮನೆಯ ನೀರನ್ನೂ ಕುಡಿಯದ ನಮ್ಮ ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಬಣ್ಣದ ನೀರಿಗೆ ಎಂಥಾ ಮೈಲಿಗಿ, ಬಾಯಿ ಮುಕ್ಕಳಿಸಿ ಒಳಗ ಬಾ ಅಷ್ಟ" ಎಂದರು. ಹಾಗೆ ನಾನು ಬೂಬುವಿನ ನಾಲಿಗೆಯಾದೆ.

ಆ ತಿಂಗಳಲ್ಲೇ ಸ್ವಾತಂತ್ರ್ಯ ಬಂತು. ಓಣಿಯ ತುದಿಯಲ್ಲಿ ಬಾವುಟ ಏರಿಸಿ ಎಲ್ಲರಿಗೂ ಪೇಡೆ ಹಂಚಿದರು. ಬೂಬು ತಮ್ಮ ಪಾಲಿನದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಇಡೀ ದಿನ ನೂಲು ಅದ್ದಿದರು. ಹೊತ್ತು ಮುಳುಗಿದ ಮೇಲೆ ಬಿಚ್ಚಿ ನೋಡಿದರೆ ಪೇಡೆಗೂ ಒಂದು ಮಗ್ಗಲು ನೀಲಿ ಹತ್ತಿತ್ತು. "ಸರಕಾರ ಕೊಟ್ಟದ್ದು, ಚೆಲ್ಲಬಾರದು" ಎಂದು ಅದನ್ನೇ ತಿಂದು, ನೀಲಿ ತುಟಿಯಲ್ಲಿ ನಕ್ಕರು.

ರಂಜಾನಿಗೆ ಅವರು ಮಾಡಿಕೊಳ್ಳುತ್ತಿದ್ದ ತಯಾರಿ ಓಣಿಗೇ ಪ್ರಸಿದ್ಧ. ಅದರ ಹಿಂದಿನ ತಿಂಗಳು ಶಾಬಾನ್ ಹುಟ್ಟುತ್ತಲೇ ಶುರು. ಮೊದಲು ಮನೆ: ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಒಂದು ತಿಂಗಳಿಗಾಗುವಷ್ಟು ಕಟ್ಟಿಗೆ ಒಡೆದು ಒಟ್ಟುವುದು, ಜೋಳ ಗೋದಿ ಬೀಸಿ ಇಡುವುದು, ಶಾವಿಗೆ ಹೊಸೆದು ಅಂಗಳದ ಹಗ್ಗದ ಮೇಲೆ ಒಣಗಿಸುವುದು. ಆಮೇಲೆ ಕೈಗೆ ಬಿಡುವು: ಒಪ್ಪಿಕೊಂಡ ನೂಲನ್ನೆಲ್ಲ ಅದ್ದಿ ಕೊಟ್ಟು, ಹೊಸದನ್ನು ಬೆರಳೆಣಿಕೆಗೆ ಇಳಿಸುವುದು. ಇಷ್ಟೆಲ್ಲ ಯಾಕೆ ಬೂಬು ಎಂದು ಕೇಳಿದ್ದೆ.

"ಹಸಿವಿ ತಡಕೋಬಹುದು ತಂಗಿ, ಗಡಿಬಿಡಿ ತಡಕೊಳ್ಳಾಕ ಆಗಂಗಿಲ್ಲ" ಎಂದಿದ್ದರು. "ಒಲಿ ಮುಂದ ಸಿಟ್ಟು ಮಾಡಕೊಂತ ರೋಜಾ ಹಿಡದ್ರ ಏನ ಬಂತು? ಅದಕ್ಕ ಎಲ್ಲಾ ಮೊದಲ ಮುಗಿಸಿಬಿಡೂದು."

ಕೊನೆಗೆ ಎದೆಯ ಸರದಿ. ಚಂದ್ರ ಕಾಣುವ ಹಿಂದಿನ ದಿನ ತಲೆಗೆ ಎರೆದುಕೊಂಡು, ಬಿಳಿ ಹೊದಿಕೆ ಹೊದ್ದು, ಓಣಿಯ ಒಂದೊಂದು ಮನೆಯ ಮುಂದೂ ನಿಂತು, "ವರ್ಷದಾಗ ಏನರ ಅಂದಿದ್ರ ಆಡಿದ್ರ ಮಾಫ್ ಮಾಡ್ರಿ" ಎಂದು ಕೇಳುತ್ತಿದ್ದರು. ಹಿಂದೂ ಮನೆ, ಮುಸಲರ ಮನೆ ಎಂದು ಭೇದವಿರಲಿಲ್ಲ. ಕೇಳಿಸಿಕೊಂಡವರು ಬಾಯಿಬಿಟ್ಟು ಮಾಫ್ ಎನ್ನಬೇಕು. ತಲೆ ಅಲ್ಲಾಡಿಸಿದರೆ ನಡೆಯುತ್ತಿರಲಿಲ್ಲ. ಎದುರು ಮನೆಯ ಮುದುಕರೊಬ್ಬರು ಬೇಕೆಂದೇ, "ಈ ವರ್ಷ ಆಗಂಗಿಲ್ಲ, ಮುಂದಿನ ವರ್ಷ ನೋಡೋಣು" ಎಂದು ಕಾಡುತ್ತಿದ್ದರು. ಬೂಬು ಅವರ ಕಟ್ಟೆಯ ಮೇಲೆ ಕುಳಿತೇಬಿಡುವರು. "ನೀವು ಅನ್ನೂತನಕಾ ನಾ ಏಳಂಗಿಲ್ರಿ ಯಜಮಾನ್ರ. ಒಬ್ಬರದು ಉಳದ್ರೂ ನನ್ನ ಎದಿ ಹಗರ ಆಗಂಗಿಲ್ಲ." ಮುದುಕರು ನಕ್ಕು ಮಾಫ್ ಎಂದ ಮೇಲೆಯೇ ಎದ್ದು ಮುಂದಿನ ಮನೆಗೆ ಹೋಗುತ್ತಿದ್ದರು.

ಮರುವರ್ಷ ಎಲ್ಲ ಬೇರೆಯಾಯಿತು. ನಮ್ಮ ದಡ ಹಿಂದೂಸ್ಥಾನಕ್ಕೆ ಸೇರಿತ್ತು, ಹೊಳೆಯ ಆಚೆ ದಡ ಇನ್ನೂ ನಿಜಾಮರದು. ಅಲ್ಲಿಯ ಗಲಾಟೆಗೆ ಹೆದರಿ ಹೊಳೆ ದಾಟಿ ಬಂದ ಜನ ಮುಂಡರಗಿಯಲ್ಲಿ, ಗದಗಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದರು. ಅವರು ಹೇಳಿದ್ದು ಹತ್ತು ಬಾಯಿ ದಾಟಿ ಓಣಿಗೆ ಬರುವಷ್ಟರಲ್ಲಿ ಇನ್ನೂ ದೊಡ್ಡದಾಗಿರುತ್ತಿತ್ತು. ನೂಲು ತರುವವರು ಬಣ್ಣದ ಮನೆಯ ಬಾಗಿಲಲ್ಲಿ ಮೊದಲಿನ ಹಾಗೆ ಹರಟೆಗೆ ನಿಲ್ಲುವುದನ್ನು ಬಿಟ್ಟಿದ್ದರು.

ಅದೇ ವರ್ಷ ಬೂಬುವಿನ ಮಗಳು ಬಸುರಿ. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ದಿನ ತುಂಬುವುದು ರಂಜಾನಿನಲ್ಲೇ. ಬೂಬು ಆ ಸಲ ಶಾಬಾನ್ ಹುಟ್ಟುವ ಮೊದಲೇ ಸುಣ್ಣ ಹಚ್ಚಿದರು. ಒಳಗಿನ ಕೋಣೆಗೆ ಎರಡು ಸಲ ಹಚ್ಚಿದರು. ಹೊರಸಿಗೆ ಹೊಸ ಹಗ್ಗ ಹೆಣೆಸಿದರು, ಬಾಣಂತಿಯ ಉಂಡೆಗೆಂದು ಅಂಟು, ಕೊಬ್ಬರಿ ತಂದಿಟ್ಟರು. ಮಗಳನ್ನು ಕರೆತಂದು ಆ ಹೊರಸಿನ ಮೇಲೆ ಮಲಗಿಸಿದರೆ ಅವರ ತಯಾರಿ ಮುಗಿದಂತೆ. ಅಳಿಯನಿಗೆ ಎರಡು ಸಲ ಹೇಳಿಕಳಿಸಿದರು, ಉತ್ತರ ಬರಲಿಲ್ಲ. ಕೊನೆಗೆ ತಾವೇ ಹೊರಟರು. ಮೋಟಾರಿನಲ್ಲಿ ಮುಂಡರಗಿ, ಅಲ್ಲಿಂದ ನಡೆದು ಹೊಳೆಯ ದಂಡೆ, ಅಲ್ಲಿ ಹರಗೋಲು ಸಿಕ್ಕರೆ ಆಚೆ ದಡ.

ಹೊರಡುವ ಮುಂಜಾನೆ ನನ್ನ ಕೈಗೆ ಮನೆಯ ಕೀಲಿಕೈ ಇಟ್ಟರು, ಒಂದು ಬಿಳಿ ಲಡಿಯನ್ನೂ ಕೊಟ್ಟರು.

"ದಿನಾ ಮುಂಜಾನೆ ಬಾನಿ ನಾಲಿಗಿಗೆ ಹಚ್ಚಿ ನೋಡು. ಈ ಲಡೀನ ದಿನಕ್ಕ ಒಂದು ಬೆರಳ ಕೆಳಗ ಇಳಿಸಿ ಅದ್ದು. ಹಸರ ಆಗಿ ಹೊರಗ ಬಂದು ಗಾಳಿಗೆ ನೀಲಿ ಆತಂದ್ರ ಬಾನಿ ಜೀವಂತ ಐತಿ. ನಾ ಬಂದ ಮ್ಯಾಲೆ ಇದನ್ನ ನೋಡಿದ್ರ ಎಷ್ಟ ದಿನ ಆತು, ಹೆಂಗಿತ್ತು, ಎಲ್ಲಾ ತಿಳಿತೈತಿ. ಕಾರಹುಣ್ಣಿವಿ ಒಳಗ ಬಂದಬಿಡ್ತೀನಿ ತಂಗಿ."

ಆ ವರ್ಷ ನಮ್ಮ ಕಾರಹುಣ್ಣಿಮೆ, ಅವರ ಶಬೇಬರಾತ್ ಒಂದೇ ಹುಣ್ಣಿಮೆಗೆ ಬಂದಿದ್ದವು. ಆ ಸಂಜೆ ಗಂಡನ ಗೋರಿಗೆ ದೀಪ ಇಡುವುದನ್ನು ಅವರು ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಾಗಾಗಿ ಬಂದೇ ಬರುತ್ತಾರೆ ಎಂದುಕೊಂಡೆ.

ಮೊದಲ ದಿನ ಹೋದೆ. ಹದ ಸರಿಯಿತ್ತು. ಎರಡನೆಯ ದಿನ ಸ್ವಲ್ಪ ಸಿಹಿ ಅನ್ನಿಸಿತು, ಒಂದು ಹಿಡಿ ಸುಣ್ಣ ಹಾಕಿದೆ. ಲಡಿಯ ಮೇಲೆ ಎರಡು ಪಟ್ಟೆ ಮೂಡಿದವು. ಮೂರನೆಯ ದಿನ ಮುಂಜಾನೆ ಓಣಿಯ ನಾಲ್ಕು ಜನ ಹಿರಿಯರು ನಮ್ಮ ಕಟ್ಟೆಗೆ ಬಂದು ಕುಳಿತರು.

"ಆ ಬಣ್ಣದಾಕಿ ಹೊಳಿ ಕಡೆ ಯಾಕ ಹೋದ್ಲು? ಆಚಿ ಮಂದಿಗೆ ಇಲ್ಲಿ ಖಬರ ಮುಟ್ಟಸಾಕ ಹೋಗ್ಯಾಳ ಅಂತಾರ. ನಿಮ್ಮ ಸೊಸಿ ನೋಡಿದ್ರ ಆಕಿ ಮನಿ ಕೀಲಿಕೈ ಕಟ್ಟಕೊಂಡು ತಿರಗತಾಳ."

ಮಗಳನ್ನು ಹೆರಿಗೆಗೆ ಕರೆತರಲು ಹೋಗಿದ್ದಾರೆ ಎಂದು ಓಣಿಗೆಲ್ಲ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು. ಅವರು ಎಲೆಅಡಿಕೆಯ ತಟ್ಟೆಯನ್ನು ಹಿರಿಯರ ಮುಂದೆ ಸರಿಸಿದರು. ಹಿರಿಯರು ಎದ್ದುಹೋದ ಮೇಲೆ ಅತ್ತೆ ನನ್ನ ಸೊಂಟದಿಂದ ಕೀಲಿಕೈ ಬಿಚ್ಚಿಕೊಂಡು ದೇವರ ಜಗಲಿಯ ಮೂಲೆಯಲ್ಲಿಟ್ಟರು. "ಆ ಹೊಸ್ತಲಾ ತುಳಿಬ್ಯಾಡ" ಎಂದರು. ನಾನು ಹೂಂ ಎಂದೆ. ಬಾನಿ ಕೆಡುತ್ತದೆ ಎಂದು ಗಂಡನ ಹತ್ತಿರ ಹೇಳಿಕೊಂಡೆ. "ಅವ್ವ ಹೇಳಿದಂಗ ಕೇಳು, ಈಗ ದಿನಮಾನ ಛಲೋ ಇಲ್ಲ" ಎಂದು ಮಗ್ಗಕ್ಕೆ ಇಳಿದ.

ಕೀಲಿಕೈಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ದಿನಾ ದೀಪ ಹಚ್ಚುವಾಗ ಕಣ್ಣೆದುರಿಗೇ ಇರುತ್ತಿತ್ತು. ಮಧ್ಯಾಹ್ನ ಅತ್ತೆ ಮಲಗಿದಾಗ ಎತ್ತಿಕೊಂಡು ಹೋಗಿ, ಒಂದು ಹಿಡಿ ಸುಣ್ಣ ಹಾಕಿ, ಯಾರೂ ನೋಡುವುದರೊಳಗೆ ಬರಬಹುದಿತ್ತು. ಇಪ್ಪತ್ತು ಹೆಜ್ಜೆಯ ದಾರಿ. ನಾನು ಹೋಗಲಿಲ್ಲ. ಹೆದರಿದ್ದೆ ಎಂದರೆ ಅದು ಖರೆ. ಆದರೆ ಅಷ್ಟೊಂದು ಹೆದರಬೇಕಾಗಿರಲಿಲ್ಲ ಎಂಬುದೂ ಖರೆ. ಐದನೆಯ ದಿನಕ್ಕೆ ಗೋಡೆಯ ಈ ಕಡೆಗೇ ಹುಳಿ ವಾಸನೆ ಬಂತು. ಏಳನೆಯ ದಿನಕ್ಕೆ ಕೊಳೆತ ವಾಸನೆ. ಬಾನಿ ಸಾಯುತ್ತಿದೆ ಎಂದು ಓಣಿಯಲ್ಲಿ ನನ್ನೊಬ್ಬಳಿಗೇ ತಿಳಿಯುತ್ತಿತ್ತು. ಕಂಡಿಕೆ ಸುತ್ತುತ್ತ ಕುಳಿತೆ.

ಕಾರಹುಣ್ಣಿಮೆ ಬಂತು, ಎತ್ತುಗಳ ಕೋಡಿಗೆ ಬಣ್ಣ ಬಳಿದರು, ಹೋಯಿತು. ಗೋರಿಗೆ ದೀಪ ಇಡುವವರು ಇರಲಿಲ್ಲ. ಹೊರಟ ಹನ್ನೊಂದನೆಯ ದಿನ ಬೂಬು ಬಂದರು. ಒಬ್ಬರೇ.

ಕೀಲಿಕೈ ಇಸಿದುಕೊಳ್ಳಲು ನಮ್ಮ ಬಾಗಿಲಿಗೆ ಬಂದಾಗ ಅತ್ತೆಯೇ ಕೇಳಿದರು, ಮಗಳೆಲ್ಲಿ ಎಂದು.

"ಹೊಳಿ ದಂಡಿ ಮ್ಯಾಲೆ ಒಂಬತ್ತ ದಿನಾ ಕುಂತಿದ್ನಿರಿ. ಕಾವಲಿನವ್ರು ಹರಗೋಲ ಬಿಡಲಿಲ್ಲ. ಆಮ್ಯಾಲೆ ಹೊಳಿ ಬಂತು, ಅಂಬಿಗ್ಯಾರೂ ಒಲ್ಲೆ ಅಂದ್ರು. ಆಚಿ ದಂಡಿಗೆ ಆಕಿ ಬಂದಿದ್ಲರಿ. ಹಸರ ಸೀರಿ. ನನ್ನ ನೋಡಿ ಕೈ ಮಾಡಿದ್ಲು. ಏನೋ ಕೂಗಿದ್ಲು, ಕೇಳಸಲಿಲ್ಲ..."

ಇನ್ನೂ ಏನೋ ಹೇಳಲಿದ್ದರು, ಅಷ್ಟರಲ್ಲಿ ಅವರ ಮೂಗಿಗೆ ವಾಸನೆ ತಾಗಿತು. ಮಾತು ನಿಲ್ಲಿಸಿ ತಮ್ಮ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅತ್ತೆಯ ಕೈಯಿಂದ ಕೀಲಿಕೈ ಇಸಿದುಕೊಂಡು ಹೋದರು. ಆ ದೊಡ್ಡ ದನಿಯಲ್ಲಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ದಿನವಿಡೀ ಗೋಡೆಯಾಚೆ ಬಾನಿಯಿಂದ ನೀರು ಮೊಗೆದು ಚೆಲ್ಲುವ ಸಪ್ಪಳ ಕೇಳುತ್ತಲೇ ಇತ್ತು. ಗಟಾರದಲ್ಲಿ ಬೂದಿ ಬಣ್ಣದ ನೀರು ಹರಿಯಿತು. ಅದರಲ್ಲಿ ನೀಲಿ ಇರಲಿಲ್ಲ. ಲಡಿಯನ್ನು ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಎರಡೇ ಪಟ್ಟೆಯ ಲಡಿಯನ್ನು ಯಾವ ಮುಖ ಹೊತ್ತು ಕೊಡಲಿ...

ರಂಜಾನಿನ ಚಂದ್ರ ಕಾಣುವ ಹಿಂದಿನ ದಿನ ಅವರು ತಲೆಗೆ ಎರೆದುಕೊಂಡು, ಬಿಳಿ ಹೊದಿಕೆ ಹೊದ್ದು ಹೊರಬಿದ್ದರು. ಮಗಳು ಬಂದಿಲ್ಲ, ಬಾನಿ ಇಲ್ಲ, ಸುಣ್ಣ ಹಚ್ಚಿದ ಕೋಣೆ ಖಾಲಿ; ಆದರೂ ಓಣಿ ಸುತ್ತುವುದನ್ನು ಬಿಡಲಿಲ್ಲ. ಕೆಲವು ಮನೆಯವರು ಕದ ತೆರೆಯದೆ ಒಳಗಿಂದಲೇ ಮಾಫ್ ಎಂದರು. ಎದುರು ಮನೆಯ ಮುದುಕರು ಆ ವರ್ಷ ಕಾಡಲಿಲ್ಲ, ಕೇಳುವ ಮೊದಲೇ ಅಂದುಬಿಟ್ಟರು. ನಮ್ಮ ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. "ಆತು, ಮಾಫ್ ಐತಿ, ಹೋಗವ್ವ" ಎಂದರು. ಬೂಬು ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತು ಒಳಗೆ ರಾಟೆಯ ಮುಂದಿದ್ದ ನನ್ನನ್ನು ನೋಡಿದರು.

"ನಿನಗ ಭಾಳ ತ್ರಾಸ ಕೊಟ್ನಿ ತಂಗಿ. ಮಾಫ್ ಮಾಡು."

ಯಾರು ಯಾರನ್ನು ಕೇಳಬೇಕಾಗಿತ್ತು? ಅವರ ಅತ್ತೆಯ ಕಾಲದಿಂದ ಬದುಕಿದ್ದ ನೀರನ್ನು ಸಾಯಲು ಬಿಟ್ಟವಳು ನಾನು. ಎದ್ದು ಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಅತ್ತೆ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಮಾಫ್ ಮಾಡೀನಿ ಎಂದರೆ ತಪ್ಪು ಅವರದೇ ಎಂದು ನಾನೇ ಒಪ್ಪಿದಂತೆ. ಅಷ್ಟು ನಾಚಿಕೆಗೇಡಿನ ಮಾತನ್ನು ಹೇಗೆ ಆಡಲಿ?

"ಬಾಯಿಬಿಟ್ಟು ಅನ್ನು ತಂಗಿ" ಎಂದರು, ಮೆಲ್ಲಗೆ.

ನನ್ನ ಕೈಯಲ್ಲಿದ್ದ ಎಳೆ ಹರಿಯಿತು. ಹರಿದ ತುದಿ ಹುಡುಕುವ ನೆಪದಲ್ಲಿ ಬಗ್ಗಿದೆ. ಸಿಕ್ಕರೂ ಹುಡುಕುತ್ತಲೇ ಇದ್ದೆ. ತಲೆ ಎತ್ತಿದಾಗ ಹೊಸ್ತಿಲ ಹೊರಗೆ ಯಾರೂ ಇರಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕುಳಿತಂತೆ ಅವರು ನಮ್ಮ ಕಟ್ಟೆಯ ಮೇಲೆ ಕುಳಿತುಕೊಳ್ಳಲಿಲ್ಲ.

ಆ ರಂಜಾನಿನಲ್ಲಿ ನನ್ನ ನಾಲಿಗೆ ಯಾರಿಗೂ ಬೇಕಾಗಲಿಲ್ಲ. ಗೋಡೆಯಾಚೆ ಸಪ್ಪಳವೇ ಇರಲಿಲ್ಲ. ಗಡಿಬಿಡಿ ಇಲ್ಲದ ಒಂದು ತಿಂಗಳು ಎಂದು ಅವರು ಬಯಸುತ್ತಿದ್ದರಲ್ಲ, ಅದು ಈ ರೀತಿ ಸಿಕ್ಕಿತು. ಮಳೆಗಾಲ ಮುಗಿಯುತ್ತ ಬಂದಾಗ ಸರಕಾರದ ದಂಡು ಆಚೆ ದಡಕ್ಕೆ ಹೋಯಿತು, ನಿಜಾಮರ ಸೀಮೆ ಹಿಂದೂಸ್ಥಾನಕ್ಕೆ ಸೇರಿತು, ಆಚೆ ಕಡೆ ಮುಸಲರಿಗೂ ಕೆಟ್ಟ ದಿನ ಬಂದವು ಎಂಬ ಸುದ್ದಿ ಬಂತು. ಹರಗೋಲು ಬಿಟ್ಟ ಸುದ್ದಿ ಕೇಳುತ್ತಲೇ ಬೂಬು ಮನೆಗೆ ಬೀಗ ಹಾಕಿ, ಒಂದು ಗಂಟು ಹಿಡಿದು ಹೊರಟರು. ಕಿಟಕಿಯಿಂದ ನೋಡಿದೆ. ಕೈ ಎರಡೂ ಬೆಳ್ಳಗಾಗಿದ್ದವು. ಬೀಗದ ಕೀಲಿಕೈಯನ್ನು ಈ ಸಲ ಯಾರಿಗೂ ಕೊಡಲಿಲ್ಲ. ತಿರುಗಿ ಬರಲೂ ಇಲ್ಲ.

ಎಂಟು ವರ್ಷವಾಯಿತು. ಕನ್ನಡ ನಾಡು ಒಂದಾಯಿತು ಎಂದು ಮತ್ತೆ ಪೇಡೆ ಹಂಚಿದರು. ಹೊಳೆಯ ಎರಡೂ ದಡ ಒಂದೇ ರಾಜ್ಯ. ಅದಾದ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ಎಂಟು ವರ್ಷದ ಹುಡುಗಿಯ ಕೈ ಹಿಡಿದುಕೊಂಡು ಒಬ್ಬ ಹೆಂಗಸು ಬಣ್ಣದ ಮನೆಯ ಮುಂದೆ ನಿಂತಿದ್ದಳು. ಅದೇ ಎತ್ತರ, ಅದೇ ಮೂಗು. ಅತ್ತೆ ಆಗ ತೀರಿಕೊಂಡಿದ್ದರು. ನಾನೇ ಒಳಗೆ ಕರೆದು ಚಾಪೆ ಹಾಸಿದೆ. ಗಂಡನಿಗೆ ಗದಗಿನ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿದೆ, ತವರುಮನೆ ಹೇಗಿದೆ ನೋಡೋಣ ಎಂದು ಬಂದೆ ಎಂದಳು. ಬೂಬು ಹಿಂದಿನ ವರ್ಷ ಶಾಬಾನಿನಲ್ಲಿ ತೀರಿಕೊಂಡಿದ್ದರು.

"ಅವ್ವ ವರ್ಷಾ ಚಂದ್ರ ಕಾಣೂಕಿಂತ ಮೊದಲ ಬೆಟಗೇರಿ ಮಂದೀನ ಒಬ್ಬೊಬ್ಬರನ್ನ ಬೆರಳ ಮಡಚಿ ನೆನಸಾಕಿ" ಎಂದಳು. "ಎಲ್ಲಾರೂ ಮಾಫ್ ಅಂದಾರ, ಗ್ವಾಡಿ ಮಗ್ಗಲದ ಸೊಸಿ ಒಬ್ಬಾಕಿ ಅನಲಿಲ್ಲ ಅನ್ನಾಕಿ. ಬಾನಿ ಒಪ್ಪಿಸಿ ಆಕಿನ್ನ ಮನ್ಯಾಗ ಬೈಸಿದ್ನಿ, ಅದಕ್ಕ ಆಕಿ ಮನಸ ಮುರದೈತಿ ಅನ್ನಾಕಿ. ಎಲ್ಲಾ ತಯಾರಿ ಆದ್ರೂ ಅದೊಂದು ಉಳದಬಿಡತೈತಿ ಅಂತ ಹಳಹಳಿ ಮಾಡಾಕಿ. ಆ ಸೊಸಿ ನೀವ ಏನ್ರಿ ಅಕ್ಕಾರ?"

"ಹೌದವ್ವ, ನಾನ" ಎಂದೆ. ನನ್ನ ನಾಚಿಕೆಯನ್ನು ಅವರು ಸಿಟ್ಟು ಎಂದು ತಿಳಿದಿದ್ದರು. ನಾನು ಮಾಡಿದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು, ಅದು ಕ್ಷಮೆ ಕಾಣಲಿಲ್ಲವೆಂದು ಅಷ್ಟೂ ರಂಜಾನುಗಳನ್ನು ಭಾರದ ಎದೆಯಲ್ಲಿ ಕಳೆದಿದ್ದರು.

"ಬಾನಿ ಸಾಯಿಸಿದಾಕಿ ನಾನವ್ವ. ನಾ ಕೇಳಬೇಕಾಗಿತ್ತು ಮಾಫ್" ಎಂದೆ. ಸೆರಗಿನಿಂದ ಕಣ್ಣು ಒತ್ತಿಕೊಂಡೆ.

ಅವಳು ಮಗಳನ್ನು ಮಗ್ಗುಲಿಗೆ ಎಳೆದುಕೊಂಡಳು. ಆಮೇಲೆ, "ಈಗರ ಅಂದಬಿಡ್ರಿ ಅಕ್ಕಾರ" ಎಂದಳು.

"ಮಾಫ್ ಮಾಡೀನಿ ಬೂಬು" ಎಂದೆ, ಬಾಯಿಬಿಟ್ಟು, ಗೋಡೆಯ ಕಡೆ ನೋಡಿ. ಹುಡುಗಿ ನಾನು ಯಾರಿಗೆ ಹೇಳುತ್ತಿದ್ದೇನೆ ಎಂದು ತಿರುಗಿ ನೋಡಿತು.

"ಮುಟ್ಟಿದ್ರ ಮುಟ್ಟಲಿ" ಎಂದಳು ಅವಳು. ಎದ್ದು ಸೆರಗು ಸರಿಪಡಿಸಿಕೊಂಡು ಮಗಳನ್ನು ಕರೆದುಕೊಂಡು ಹೋದಳು. ಲಡಿಯನ್ನು ಅವಳ ಕೈಗೆ ಕೊಡಬೇಕೆಂದು ನೆನಪಾಗುವಷ್ಟರಲ್ಲಿ ಓಣಿಯ ತಿರುವು ದಾಟಿದ್ದರು.

ಬಣ್ಣದ ಮನೆ ಬಿದ್ದುಹೋಗಿ ಎಷ್ಟೋ ವರ್ಷವಾಯಿತು. ಅಲ್ಲಿ ಈಗ ಬೇರೆ ಯಾರದೋ ಮೂರಂತಸ್ತಿನ ಮನೆ ಇದೆ. ಅದರ ಬುನಾದಿ ತೋಡುವಾಗ ಬಾನಿಯ ಚೂರು ಬಂದವು. ಏನೆಂದು ಯಾರಿಗೂ ತಿಳಿಯಲಿಲ್ಲ, ಕಸದ ಜೊತೆ ಹೋದವು.

ಮೊನ್ನೆ ಸೀರೆ ಆರಿಸಿಕೊಂಡ ಮೇಲೆ ಮೊಮ್ಮಗಳು ನನ್ನ ಮಗ್ಗುಲಲ್ಲೇ ಕುಳಿತು ಮೊಬೈಲ್ ನೋಡುತ್ತಿದ್ದಳು. ನಕ್ಕಳು. ಏನು ಎಂದೆ.

"ನನ್ನ ಗೆಳತಿ ಕಳಿಸ್ಯಾಳಜ್ಜಿ. ರಂಜಾನ್ ಬಂತು, ಏನರ ತಪ್ಪಾಗಿದ್ರ ಮಾಫ್ ಮಾಡು ಅಂತ."

"ನೀ ಏನಂತ ಬರದಿ?"

"ಏನೂ ಇಲ್ಲ. ಇದನ್ನ ಎಲ್ಲಾರಿಗೂ ಕಳಸ್ತಾರ, ಯಾರೂ ತಿರುಗಿ ಬರಿಯಂಗಿಲ್ಲ."

"ಬರಿ" ಎಂದೆ. ನನ್ನ ದನಿ ಗಟ್ಟಿಯಾಗಿರಬೇಕು, ಅವಳು ತಲೆ ಎತ್ತಿ ನೋಡಿದಳು. "ಮಾಫ್ ಮಾಡೀನಿ ಅಂತ ಬರಿ. ನನ್ನ ಮುಂದ ಬರಿ."

ಬರೆದಳು. ಮುಟ್ಟಿತೇನು ಎಂದು ಕೇಳಿದೆ. ಮುಟ್ಟಿತು, ಓದಿದಳು ಕೂಡ ಎಂದಳು. ಹೇಗೆ ಗೊತ್ತು ಎಂದರೆ ಮೊಬೈಲನ್ನು ನನ್ನ ಕಣ್ಣಿನ ಹತ್ತಿರ ಹಿಡಿದು ಬೆರಳಿಟ್ಟು ತೋರಿಸಿದಳು. ಸಾಲಿನ ಕೊನೆಯಲ್ಲಿ ಸಣ್ಣದಾಗಿ ಎರಡು ನೀಲಿ ಗೀಟು ಮೂಡಿದ್ದವು.

ನನ್ನ ಲಡಿಯ ಮೇಲೂ ಎರಡೇ ಇವೆ. ಮಡಿಲಲ್ಲಿದ್ದ ಅದನ್ನು ಮತ್ತೆ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟೆ. ನಾನು ಗೋಡೆಗೆ ಹೇಳಿದ್ದು ಬೂಬುವಿಗೆ ಮುಟ್ಟಿತೋ ಇಲ್ಲವೋ, ಅದನ್ನು ಯಾರೂ ನನಗೆ ತೋರಿಸಲಾರರು.